ಕಾಣದ ಕುರಿಗಳ ಹೆಸರು

ಹದಿನೈದು ದಿನದ ಹಿಂದೆ, ಬೆಳಿಗ್ಗೆ ಅಡುಗೆಮನೆಗೆ ಹೋಗುವಾಗ ಕಾಲು ಜಾರಿತು. ಬಾಗಿಲ ಚೌಕಟ್ಟು ಹಿಡಿದು ಹೇಗೋ ನಿಂತುಕೊಂಡೆ. ನೆಲದ ತುಂಬ ಎಣ್ಣೆಯ ಹೆಜ್ಜೆಗಳು. ಬಗ್ಗಿ ಮೂಸಿದರೆ ಹರಳೆಣ್ಣೆ. ಹೆಜ್ಜೆಗಳನ್ನೇ ಹಿಂಬಾಲಿಸಿದರೆ, ಒಂಬತ್ತನೇ ತರಗತಿಯ ನನ್ನ ಮಗಳು ಹಿತ್ತಲಿನಲ್ಲಿ ನಿಂತು, ಅಂಗೈ ಉಜ್ಜಿ ಉಜ್ಜಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಮೊಬೈಲಿನಲ್ಲಿ ಯಾರೋ ಹೇಳಿದ್ದಾರಂತೆ: ಇಪ್ಪತ್ತೊಂದು ದಿನ ಕನ್ನಡಕ ಮುಟ್ಟಬಾರದು, ಅಂಗಾಲಿಗೆ ಎಣ್ಣೆ ತಿಕ್ಕಬೇಕು, ದೂರದ ಹಸಿರು ನೋಡಬೇಕು, ನಂಬರು ತಾನಾಗಿಯೇ ಇಳಿಯುತ್ತದೆ. ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕಿದೆ. ಆಮೇಲೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು.

ಬೈಯಬೇಕಿತ್ತು, ಬಾಯಿ ಬರಲಿಲ್ಲ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುತ್ತೇನೆ, ಯಾಕೆ ಬಂದೆ ಎಂದು ಯೋಚಿಸುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಯಾಕಿಷ್ಟು ಚಡಪಡಿಕೆ ಎಂದು ನೀವು ಕೇಳಬಹುದು. ಹೇಳಿಬಿಡುತ್ತೇನೆ, ನಿಮಗೆ ಹೇಳುವುದು ಸುಲಭ.

ನನಗೆ ಹನ್ನೆರಡು ವರ್ಷವಿದ್ದಾಗ, ಹೊನ್ನಾಳಿಯ ನಮ್ಮ ಶಾಲೆಗೆ ಬಂದಿದ್ದ ಕಣ್ಣಿನ ಡಾಕ್ಟರು, ಈ ಹುಡುಗಿಗೆ ದೂರದ್ದು ಕಾಣುವುದಿಲ್ಲ, ಕನ್ನಡಕ ಹಾಕಿಸಿ ಎಂದು ಚೀಟಿ ಬರೆದುಕೊಟ್ಟರು. ಅಪ್ಪ ಅದನ್ನು ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡ. ಚೀಟಿ ಅಂಗಿಯ ಜೊತೆ ಒಗೆತಕ್ಕೆ ಹೋಯಿತು. ಅಪ್ಪನಿಗೆ ಅವನದೇ ಒಂದು ವೈದ್ಯವಿತ್ತು.

“ಕನ್ನಡಕ ಒಂದ್ಸಲ ಮೂಗು ಹತ್ತಿದ್ರೆ ಇಳಿಯಾದಿಲ್ಲ. ನಮ್ಮೂರಾಗೆ ನೋಡಾಕೆ ದೂರ ಅನ್ನೋದೇ ಇಲ್ಲ ನೋಡು. ಜಗಳೂರು ಸೀಮೆಗೆ ಹೋಗು, ಎಷ್ಟು ನೋಡಿದ್ರೂ ಇನ್ನೂ ಉಳೀತೈತೆ. ಕಣ್ಣು ತಾನೇ ಹದಕ್ಕೆ ಬರ್ತೈತೆ.”

ಹೀಗೆ, ಬೇಸಿಗೆ ರಜೆಯಲ್ಲಿ ಎಲ್ಲರೂ ನೀರಿರುವ ಊರು ಹುಡುಕಿದರೆ ನಾನು ಬರದ ಸೀಮೆಯಾದ ಜಗಳೂರಿನ ಬಸ್ಸು ಹತ್ತಿದೆ. ಅಲ್ಲಿ ಹತ್ತಿರದ ಹಳ್ಳಿಯಲ್ಲಿ ಅವ್ವನ ತಂಗಿ, ನನ್ನ ಚಿಗವ್ವ ಇದ್ದಳು. ಒಂದು ರೊಪ್ಪದ ತುಂಬ ಕುರಿ, ಮನೆಯಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳಾದ ಮಗಳು ಶಾಂತಿ. ಶಾಂತಿ ಆಗಲೇ ದಪ್ಪ ಕನ್ನಡಕದವಳು. ಬೀಳಬಾರದೆಂದು ಅದಕ್ಕೆ ದಾರ ಕಟ್ಟಿಕೊಂಡಿದ್ದಳು. ನನಗೆ ಸಿಗದ ಕನ್ನಡಕ ಅವಳಿಗಿತ್ತಲ್ಲ, ಅವಳನ್ನು ಕಂಡರೆ ಒಳಗೊಳಗೇ ಹೊಟ್ಟೆಕಿಚ್ಚು.

ಚಿಗವ್ವ ನನ್ನ ಕಣ್ಣಿನ ಕೆಲಸಕ್ಕೆ ಸೊಂಟ ಕಟ್ಟಿ ನಿಂತಳು. ಅಂಗಾಲಿಗೆ ಹರಳೆಣ್ಣೆ, ಊಟಕ್ಕೆ ಹೊನಗೊನ್ನೆ ಸೊಪ್ಪು, ಮಾರನೆಯ ದಿನವೂ ಹೊನಗೊನ್ನೆ ಸೊಪ್ಪು. ಎಲ್ಲಕ್ಕಿಂತ ದೊಡ್ಡ ಔಷಧಿ ಕುರಿಗಳದು. ಚಿಗಪ್ಪ ಅವನ್ನು ಎದುರಿನ ದಿಬ್ಬಕ್ಕೆ ಹೊಡೆದುಕೊಂಡು ಹೋದ ಮೇಲೆ ನಾನು ಮನೆ ಮುಂದಿನ ಕಲ್ಲಿನ ಮೇಲೆ ಕೂರಬೇಕು. “ಮುಂದೆ ಯಾವುದು ಹೋಗ್ತೈತೆ ಹೇಳವ್ವ? ಹಿಂದೆ ಉಳಿದಿದ್ದು ಯಾವುದು?” ಎಂದು ಚಿಗವ್ವ ಕೇಳುತ್ತಿದ್ದಳು.

ನನಗೆ ಕಾಣುತ್ತಿದ್ದದ್ದು ಚೆಲ್ಲಿದ ಮಜ್ಜಿಗೆಯಂಥ ಏನೋ ಒಂದು. ಮೊದಲ ನಾಲ್ಕು ದಿನ ತಪ್ಪು ಹೇಳಿ ನಾಲ್ಕು ದಿನವೂ ಅತ್ತೆ. ಐದನೆಯ ದಿನ ಬುದ್ಧಿ ಓಡಿತು. ರೊಪ್ಪದ ಬಾಗಿಲಿಗೆ ಮುಳ್ಳಿನ ತಡಿಕೆ. ಅದನ್ನು ಚೂರೇ ಸರಿಸಿ, ಕುರಿಗಳನ್ನು ಎರಡೆರಡಾಗಿ ಬಿಟ್ಟು ಎಣಿಸುವುದು ಅಲ್ಲಿಯ ಪದ್ಧತಿ. ತಡಿಕೆ ನಾನೇ ಹಿಡಿಯುತ್ತೇನೆ ಎಂದೆ. ಮುಂದೆ ಹೋದ ನಾಲ್ಕೈದು, ಕೊನೆಗೆ ಬಂದ ಮೂರು, ಇಷ್ಟು ಬಾಯಿಪಾಠವಾದರೆ ಸಾಕು, ದಿಬ್ಬ ಹತ್ತುವವರೆಗೂ ಕುರಿಗಳು ಆ ಸಾಲು ಬಿಡುತ್ತಿರಲಿಲ್ಲ. ಆಮೇಲೆ ಕಲ್ಲಿನ ಮೇಲೆ ಕೂತು, ಕಣ್ಣು ಕಿರಿದು ಮಾಡಿ, ಸ್ವಲ್ಪ ತಡೆದು, “ಮುಂದೆ ಕರಿಮೋರೆ, ಆಮ್ಯಾಲೆ ಕೆಂಚಿ, ಕುಂಟಿ ಹಿಂದೆ ಉಳಿದೈತೆ” ಎನ್ನುತ್ತಿದ್ದೆ. ಆ ತಡೆಯುವುದರಲ್ಲೇ ನನ್ನ ಜಾಣತನವೆಲ್ಲ ಇತ್ತು.

ಚಿಗವ್ವ ಊರಿಗೆಲ್ಲ ಡಂಗುರ ಸಾರಿದಳು. ನೋಡಲು ಬಂದವರ ಮುಂದೆಯೂ ಒಪ್ಪಿಸಿದೆ. ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಚಿಗವ್ವ ಶಾಂತಿಯ ಕನ್ನಡಕ ತೆಗೆದು, ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. “ಅಕ್ಕಂಗೆ ಬಂದಿದ್ದು ನಿಂಗೂ ಬರ್ತೈತೆ.” ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೊಗಳಿಕೆ ಅಷ್ಟು ರುಚಿಯಾಗಿತ್ತು.

ಹೊನ್ನಾಳಿಗೆ ಬಂದೆ, ಶಾಲೆ ಶುರುವಾಯಿತು, ಬೋರ್ಡು ಕಾಣಲಿಲ್ಲ. ದಸರೆಗೆ ಮುಂಚೆ ನನ್ನ ಮೂಗಿಗೆ ಕನ್ನಡಕ ಬಂತು. ಚಿಗವ್ವನಿಗೆ ಹೇಳುವುದು ಬೇಡ ಎಂದ ಅಪ್ಪ, ಮರ್ಯಾದೆಯ ಪ್ರಶ್ನೆ. ನನಗೂ ಅದೇ ಬೇಕಾಗಿತ್ತು. ಆ ಕಡೆ ಶಾಂತಿ ಎರಡು ವರ್ಷ ಬೋರ್ಡು ಕಾಣದೆ ಹಿಂದೆ ಬಿದ್ದು, ಏಳನೇ ತರಗತಿಗೆ ಶಾಲೆ ಬಿಟ್ಟಳು. ಅವಳಿಗೆ ಮತ್ತೆ ಕನ್ನಡಕ ಹಾಕಿಸಿದ್ದು ಮದುವೆಯಾದ ಮೇಲೆ, ನ್ಯಾಮತಿಯಲ್ಲಿ, ಅವಳ ಗಂಡ.

ಮದುವೆ ಮನೆಗಳಿಗೆ ಶಾಂತಿ ಬರುತ್ತಾಳೆಂದರೆ ನಾನು ಕನ್ನಡಕ ತೆಗೆದು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಹಾಗೆಯೇ, ನನ್ನ ಗಂಡನೆಂದುಕೊಂಡು ಬೇರೆ ಯಾರ ಗಂಡನಿಗೋ ಪಾಯಸ ಬಡಿಸಿ, ಇನ್ನೊಂದು ಸೌಟು ಹಾಕಿಸಿಕೊಳ್ಳಿ ಎಂದು ಗದರಿಸಿದ್ದೂ ಉಂಟು. ನಲವತ್ತು ದಾಟಿದ ಮೇಲೆ, ವಯಸ್ಸಾಯಿತಲ್ಲ ಎಂಬ ನೆಪ ಸಿಕ್ಕಿ ಬಚಾವಾದೆ. ಚಿಗವ್ವ ಕೊನೆಯುಸಿರಿನವರೆಗೂ ನನ್ನ ಕಣ್ಣಿನ ಕಥೆ ಹೇಳುತ್ತಲೇ ಹೋದಳು.

ಹೋದ ವಾರ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. “ಶಾಂತಿ ಚಿಕ್ಕಮ್ಮಂಗೆ ಹೇಳಿದೀಯಾ?” ಎಂದಳು. ಇಲ್ಲ ಎಂದೆ. “ನೀನು ಹೇಳು, ನಾನು ಕನ್ನಡಕ ಹಾಕ್ಕೊಂತೀನಿ.”

ಭಾನುವಾರ ನ್ಯಾಮತಿಗೆ ಹೋದೆ. ಶಾಂತಿ ರೊಟ್ಟಿ ಬಡಿಯುತ್ತಿದ್ದಳು. ಎರಡು ಸಲ ನೀರು ಕುಡಿದು, ಒಂದು ಸಲ ಸುಮ್ಮನೆ ಅಂಗಳಕ್ಕೆ ಹೋಗಿ ಬಂದು, ಕೊನೆಗೆ ಅಂದೆ: “ಶಾಂತಿ, ಆ ದಿಬ್ಬದ ಮ್ಯಾಲೆ ನಂಗೆ ಒಂದು ಕುರೀನೂ ಕಾಣ್ತಿರಲಿಲ್ಲ. ತಡಿಕೆ ಹಿಡ್ಕಂಡಾಗ ನೋಡಿದ್ದನ್ನೇ ಹೇಳ್ತಿದ್ದೆ.”

ರೊಟ್ಟಿಯ ಸದ್ದು ನಿಂತಿತು. ತವೆಯ ಮೇಲಿದ್ದದ್ದು ಸೀಯತೊಡಗಿದರೂ ಅವಳು ಮಗುಚಲಿಲ್ಲ.

“ನೀನು ಹೋದ ಮ್ಯಾಲೆ ಎರಡು ವರ್ಷ ದಿನಾ ಆ ಕಲ್ಲಿನ ಮ್ಯಾಲೆ ಕುಂತಿದ್ದೆ ಅಕ್ಕಾ. ಎಣ್ಣೇನೂ ಹಚ್ಕಂಡೆ, ಸೊಪ್ಪೂ ತಿಂದೆ. ಅಕ್ಕಂಗೆ ಒಂದೇ ತಿಂಗಳಿಗೆ ಬಂತು, ನಂಗ್ಯಾಕೆ ಬರ್ತಿಲ್ಲ ಅಂತ ಅಳ್ತಿದ್ದೆ. ನನ್ನಾಗೇ ಏನೋ ಕಮ್ಮಿ ಐತೆ ಅನ್ಕಂಡಿದ್ದೆ. ಇವತ್ತಿನ ತಂಕ ಹಂಗೇ ಅನ್ಕಂಡಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕೈ ತೊಳೆದು ಒಳಕೋಣೆಗೆ ಹೋದವಳು ನಾನು ಬಸ್ಸಿಗೆ ಹೊರಡುವವರೆಗೂ ಹೊರಗೆ ಬರಲಿಲ್ಲ.

ಮಗಳು ಮಾತಿಗೆ ತಪ್ಪಲಿಲ್ಲ, ಕನ್ನಡಕ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ. ಶಾಂತಿ ಫೋನು ಎತ್ತುತ್ತಿಲ್ಲ. ನಾಳೆ ಮತ್ತೆ ನ್ಯಾಮತಿಯ ಬಸ್ಸು ಹತ್ತುತ್ತೇನೆ. ಬಾಗಿಲು ತೆರೆಯದಿದ್ದರೆ ಜಗಲಿಯ ಮೇಲೆ ಕೂರುತ್ತೇನೆ. ಅವಳು ಎರಡು ವರ್ಷ ಕೂತಿದ್ದಾಳೆ.