ಎರಡೂ ಕೈಯಿಂದ ತೆಗೆಯಬೇಕಾದ ಕಿರೀಟ

ಸತ್ತು ಐನೂರು ವರ್ಷ ದಾಟಿದ ಇಂಗ್ಲೆಂಡಿನ ರಾಜರನ್ನು ದೇಸಾಯಿ ಮೇಷ್ಟ್ರು ತಮ್ಮ ಓಣಿಯವರ ಹಾಗೆ ಬೈಯುತ್ತಿದ್ದರು. ಸರಟೋಗಾದ ಗ್ರೋಸರಿಯಲ್ಲಿ ಬದನೆಕಾಯಿ ಒತ್ತಿ ನೋಡುತ್ತಲೇ, "ದಾಯಾದಿ ಮಾತು ನಂಬಿ ಕೆಟ್ಟ ನೋಡ್ರಿ, ಹುಚ್ಚಪ್ಪ! ಬುದ್ಧಿ ಹೇಳಾವ್ರು ಒಬ್ರೂ ಇರಲಿಲ್ಲೇನು?" ಎಂದು ಜೋರಾಗಿ ಕೇಳುವರು. ಮಗಳು ವಿಜಯಾ ನಾಚಿಕೊಂಡು ಬೇರೆ ಸಾಲಿನಲ್ಲಿ ಹೋಗಿ ನಿಲ್ಲುತ್ತಿದ್ದಳು.

ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಪರದೇಶದಲ್ಲಿದ್ದ ಮಗಳ ಮನೆಗೆ ಬಂದವರು. ಎಲಿಜಬೆತ್ ರಾಣಿಯ ಕಾಲದಲ್ಲಿ ಬರೆದ ಹಳೆಯ ರಾಜರ ನಾಟಕಗಳೆಂದರೆ ಪ್ರಾಣ. ಭಾನುವಾರ ನಮ್ಮಂಥ ಐದಾರು ಎಂಜಿನಿಯರುಗಳನ್ನು ವಿಜಯಾಳ ಗರಾಜಿನಲ್ಲಿ ಕೂರಿಸಿ ಓದಿಸುತ್ತಿದ್ದರು. ಯಾರು ಯಾರಿಗೆ ಏನಾಗಬೇಕೆಂದು ತಿಳಿಯದೆ ನಾವು ಒದ್ದಾಡಿದರೆ, ಗ್ರೋಸರಿಯ ಕಾಗದದ ಚೀಲ ಹರಿದು ವಂಶವೃಕ್ಷ ಬರೆಯುವರು. "ಅಣ್ಣತಮ್ಮರ ಹೊಲದ ಜಗಳ ಇದು. ಹೊಲ ಸ್ವಲ್ಪ ದೊಡ್ಡದು, ಅಷ್ಟ."

ಎಂಬತ್ತಾರನೇ ಇಸವಿಯ ಹೊತ್ತಿಗೆ ಅವರ ಕಣ್ಣು ಪೂರ್ತಿ ಹೋಯಿತು. ಡಾಕ್ಟರು ಕೈ ಚೆಲ್ಲಿದರು, ಮೇಷ್ಟ್ರು ಧಾರವಾಡಕ್ಕೆ ವಾಪಸು ಹೊರಟರು. ಹೋಗುವ ಮೊದಲು ಒಂದೇ ಆಸೆ: ದಾಯಾದಿಗೆ ರಾಜ ಕಿರೀಟ ಬಿಟ್ಟುಕೊಡುವ ದೃಶ್ಯವನ್ನು ಕನ್ನಡಕ್ಕೆ ತಂದಿದ್ದರು, ಅದು ರಂಗದ ಮೇಲೆ ಬರಬೇಕು, ತಾವು ಕೂತು ಕೇಳಬೇಕು. ರಾಜ ನಾನು.

"ಕಿರೀಟ ಮತ್ತೊಬ್ರು ಮುಟ್ಟಬಾರದು, ತಮ್ಮಾ. ನೀನ ತಗೀಬೇಕು. ಎರಡೂ ಕೈಲೆ, ಸಾವಕಾಶ. ಅವನ ಕೈಯಾಗ ಉಳದದ್ದು ಅದೊಂದ. ಅದನ್ನೂ ಕಸಗೊಂಡ್ರ ಅಂವಾ ರಾಜಾನೂ ಅಲ್ಲ, ಮನಷ್ಯಾನೂ ಅಲ್ಲ." ಇದನ್ನು ಅದೆಷ್ಟು ಸಲ ಹೇಳಿದರೋ!

ಪಾಲೋ ಆಲ್ಟೋದ ಬಾಡಿಗೆ ಹಾಲಿನಲ್ಲಿ ದೀಪಾವಳಿ ಕಾರ್ಯಕ್ರಮ. ಡ್ಯಾನ್ಸಿನ ಹುಡುಗಿಯರಿಗೆ ಜಡೆ ಕಟ್ಟುತ್ತಿದ್ದ ನನ್ನ ಹೆಂಡತಿ ಸುಧಾ, ನನ್ನ ರಟ್ಟಿನ ಕಿರೀಟ ಅಲುಗಾಡುವುದನ್ನು ನೋಡಿದಳು. "ಸ್ಟೇಜ್ ಮೇಲೆ ಬಿದ್ರೆ ಮಾನ ಹೋಗತ್ತೆ ಕಣ್ರೀ" ಎಂದು, ಕಿರೀಟ, ವಿಗ್ಗು, ನನ್ನ ಕೂದಲು ಮೂರನ್ನೂ ಸೇರಿಸಿ ಹೇರ್‌ಪಿನ್ನು ಜಡಿದಳು. ಒಳ್ಳೆಯದಕ್ಕೇ ಮಾಡಿದ್ದಳು ಪಾಪ.

ದೃಶ್ಯ ಬಂತು. ಎರಡೂ ಕೈಯೆತ್ತಿ ಸಾವಕಾಶ ಎಳೆದೆ. ಬರಲಿಲ್ಲ. ಇನ್ನೂ ಎಳೆದೆ, ತಲೆಯೇ ಕಿತ್ತು ಬರುವಂತಾಯಿತು. ದಾಯಾದಿಯ ಪಾತ್ರದ ಪ್ರಕಾಶ ಸ್ವಲ್ಪ ಹೊತ್ತು ಕಾದ. ಆಮೇಲೆ ಪಾಪದವನು ಸಹಾಯಕ್ಕೆ ಬಂದು, ಎರಡೂ ಕೈಯಲ್ಲಿ ಹಿಡಿದು ಜಗ್ಗಿಯೇ ಬಿಟ್ಟ. ವಿಗ್ಗಿನ ಸಮೇತ ಕಿರೀಟ ಅವನ ಕೈಗೆ ಹೋಯಿತು. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಮೇಷ್ಟ್ರು ಮಾತ್ರ ಕಿವಿ ಮುಂದೆ ಮಾಡಿ ಕೂತಿದ್ದರು. ನನ್ನ ಮಾತುಗಳನ್ನು ಒಂದೂ ಬಿಡದೆ ಹೇಳಿದೆ. ಬೇರೆ ಏನು ಮಾಡಲಿ?

ಮುಗಿದ ಮೇಲೆ ಹೋಗಿ ಅವರ ಕಾಲು ಮುಟ್ಟಿದೆ.

"ನೀನ ತಗದೀ ಹೌದಲ್ಲೋ?"

"ಹೌದು ಮೇಷ್ಟ್ರೇ. ಎರಡೂ ಕೈಲಿ."

"ಮತ್ತ ಮಂದಿ ಯಾಕ ನಕ್ರು?"

"ಯಾರದೋ ಮಗು ಸ್ಟೇಜಿಗೆ ಓಡಿ ಬಂತು."

ವಾರದೊಳಗೆ ಅವರು ಧಾರವಾಡಕ್ಕೆ ಹೊರಟುಹೋದರು. ಮತ್ತೆ ಭೇಟಿಯಾಗಲಿಲ್ಲ. ನಿಜ ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ, ಆಮೇಲೆ ಕಾಗದದಲ್ಲಿಯೂ ಬರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲವೇನೋ. ಅಂದು ಆಶೀರ್ವಾದಕ್ಕೆಂದು ನನ್ನ ತಲೆಯ ಮೇಲಿಟ್ಟ ಕೈ ಅಲ್ಲೇ ನಿಂತಿತ್ತು. ಕೂದಲಲ್ಲಿ ಒಂದು ಹೇರ್‌ಪಿನ್ನು ಉಳಿದಿತ್ತು. ಮೇಷ್ಟ್ರು ಅದನ್ನು ತಡವಿ, ಸಾವಕಾಶ ಬಿಡಿಸಿ, ನನ್ನ ಅಂಗೈಯಲ್ಲಿಟ್ಟರು.

"ಭಾಳ ನೋವಾತೇನೋ, ತಮ್ಮಾ?" ಎಂದರು.