ತೋಳೋ, ಸ್ಟೇರಿಂಗೋ

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬಲದೋಳು ಮುರಿದುಕೊಂಡೆ. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ಕೆಲವೇ ವಾರಗಳಲ್ಲಿ ನಾನು ಮತ್ತೆ ಕಾರು ಹತ್ತಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಕೊಂಡ ಕಾರು ಅದು, ಇಪ್ಪತ್ತು ವರ್ಷ ದಾಟಿದೆ. ಸ್ಟೇರಿಂಗ್ ಮಾತ್ರ ಮೊದಲಿನ ಹಾಗೆ ಹಗುರಾಗಿ ತಿರುಗಲಿಲ್ಲ. ದಿನದಿಂದ ದಿನಕ್ಕೆ ಬಿಗಿಯಾಯಿತು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಕಾರು ಹಿಂದಕ್ಕೆ ತೆಗೆಯುವಷ್ಟರಲ್ಲಿ ತೋಳು ಸಿಡಿಯುತ್ತಿತ್ತು.

"ಗಾಡಿಗೆ ಏನೂ ಆಗಿಲ್ಲ. ನಿನ್ನ ತೋಳಿನ್ಯಾಗ ಕಸುವಿಲ್ಲ. ಇನ್ನ ಸಾಕ್ ಮಾಡು," ಎಂದರು ನಮ್ಮ ಯಜಮಾನರು. ಅವರು ನಿವೃತ್ತ ಮಾಸ್ತರು. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ. ಪಕ್ಕದ ಸೀಟಿನಲ್ಲಿ ಕೂತು ಕಾಲು ಒತ್ತಿ ಬ್ರೇಕು ಹಾಕುವುದರಲ್ಲಿ ಭಾರಿ ಪ್ರವೀಣರು. ನಾನು ಜಗಳಾಡಿದೆ. ಒಳಗೊಳಗೆ ನನಗೂ ಹೆದರಿಕೆಯಿತ್ತು, ಅದನ್ನು ತೋರಿಸಿಕೊಳ್ಳಲಿಲ್ಲ ಅಷ್ಟೇ. ನಾಲ್ಕು ತಿಂಗಳು ನೋಡಿ ಅವರು ಹಾವೇರಿಯ ಗಿರಾಕಿಯೊಬ್ಬರಿಗೆ, ಭಾನುವಾರ ಬಂದು ಗಾಡಿ ನೋಡಿ ಎಂದು ಹೇಳಿಯೇಬಿಟ್ಟರು. ಕಾರು ಹೋದರೆ ಇನ್ನು ಯಾರಾದರೂ ಕರೆದುಕೊಂಡು ಹೋದಲ್ಲಿಗಷ್ಟೇ ನಾನು ಹೋಗಬೇಕು. ನೆನೆದರೇ ಸಿಟ್ಟು ನೆತ್ತಿಗೇರುತ್ತಿತ್ತು.

ಆ ಶುಕ್ರವಾರ ಹೊಸರಿತ್ತಿಗೆ, ತಂಗಿಯ ಮನೆಗೆ ಹೋದೆವು. ಕಲ್ಲು ಹಾಸಿದ ಅಂಗಳವನ್ನು ಅವಳು ಆಗಷ್ಟೇ ತೊಳೆದಿದ್ದಳು. ಚಹಾ ಕುಡಿದು ಹೊರಬಂದರೆ ಕಾರಿನ ಮುಂದಿನ ಗಾಲಿಯ ಹತ್ತಿರ ನಾಲ್ಕಾರು ಕೆಂಪು ಹನಿ.

"ಅಕ್ಕಾ, ಮೆಣಸಿನಕಾಯಿ ತಾ ಅಂದ್ರ ಬರೇ ಬಣ್ಣ ತಂದೀಯೇನ?" ಎಂದು ತಂಗಿ ನಕ್ಕಳು.

ನಮ್ಮ ಮನೆ ಇರುವುದು ಮೆಣಸಿನಕಾಯಿ ಮಾರುಕಟ್ಟೆಯ ಮಗ್ಗುಲಲ್ಲೇ. ಚೀಲ ಹೊತ್ತವರ ಕಾಲಿನಿಂದ, ಗಾಳಿಯಿಂದ, ಓಣಿಯ ನೆಲವೆಲ್ಲ ಕೆಂಪು. ಕಾರಿನ ಅಡಿಯ ಕೆಂಪನ್ನು ಯಾರು ಬಗ್ಗಿ ನೋಡುತ್ತಾರೆ? ನಾವೂ ನೋಡಿರಲಿಲ್ಲ. ಈಗ ಬೆರಳು ಹಚ್ಚಿದೆ. ಮೂಸಿದರೆ ಘಾಟಿಲ್ಲ, ಬೆರಳು ಜಾರುತ್ತಿದೆ. ಎಣ್ಣೆ!

"ನನ್ನ ತೋಳಲ್ರೀ, ಗಾಡಿ ಸೋರಾಕತ್ತೈತಿ!" ಎಂದು ಕೂಗಿದೆ. ಬೀದಿಯವರೆಲ್ಲ ತಿರುಗಿ ನೋಡಿದರು. ನೋಡಲಿ.

ಶನಿವಾರ ಬೆಳಿಗ್ಗೆ ರಾಣೆಬೆನ್ನೂರಿನ ನಮ್ಮ ಹಳೆಯ ಮೆಕ್ಯಾನಿಕ್ ಹತ್ತಿರ ಹೋದೆವು. ಆತ ಬಾನೆಟ್ ಎತ್ತಿದರೆ ಸ್ಟೇರಿಂಗ್ ಹಗುರ ಮಾಡುವ ಕೆಂಪು ಆಯಿಲಿನ ಡಬ್ಬಿ ಹೆಚ್ಚೂಕಡಿಮೆ ಬರಿದು. ಬ್ಯಾಟರಿ ದೀಪ ಹಿಡಿದು ಕಾರಿನ ಕೆಳಗೆ ತೂರಿದ.

"ಕೆಳಗ ಸ್ಟೇರಿಂಗ್ ಬಾಕ್ಸ್ ಪೂರಾ ತೊಯ್ದೈತ್ರಿ ಅಕ್ಕಾರ. ಅದನ್ನ ಬದಲಿ ಮಾಡಬೇಕು. ಹಳೇ ಗಾಡಿ, ಸಾಮಾನು ಸಿಗೂದು ಕಷ್ಟ."

ಯಜಮಾನರ ಮುಖ ಅರಳಿತು. ನಾನು ಬಿಡಲಿಲ್ಲ. "ಮೊದ್ಲ ಒರಸ್ರಿ. ಆಮ್ಯಾಲ ಹೇಳ್ರಿ," ಎಂದೆ. ಮುಖವೆಲ್ಲ ರಕ್ತವಾಗಿ ಬಂದ ಎಷ್ಟೋ ಮಂದಿಯನ್ನು ನಾನು ಕಂಡಿದ್ದೇನೆ. ತೊಳೆದು ನೋಡಿದರೆ ಮುಖದ ಮೇಲೆ ಗೀರೂ ಇರುತ್ತಿರಲಿಲ್ಲ, ಗಾಯ ನೆತ್ತಿಯ ಕೂದಲೊಳಗೆ ಇರುತ್ತಿತ್ತು.

ಆತ ಗೊಣಗುತ್ತಲೇ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿದ. ನಾನು ಎದುರಿನ ಅಂಗಡಿಯಿಂದ ಮುಖಕ್ಕೆ ಹಚ್ಚುವ ಪೌಡರ್ ತಂದು ಪೈಪು, ಕೀಲು, ಬಾಕ್ಸ್ ಎಲ್ಲದರ ಮೇಲೂ ಉದುರಿಸಿದೆ. ಡಬ್ಬಿಗೆ ಹೊಸ ಆಯಿಲ್ ಹಾಕಿ, ಇಂಜಿನ್ ಚಾಲು ಮಾಡಿ, ಆತ ಸ್ಟೇರಿಂಗನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸತೊಡಗಿದ. ನಾನು ಕಣ್ಣು ಮಿಟುಕಿಸಲಿಲ್ಲ. ಬಾಕ್ಸ್ ಬೆಳ್ಳಗೇ ಇತ್ತು. ಸ್ವಲ್ಪ ಹೊತ್ತಿಗೆ ಮೇಲೆ, ಡಬ್ಬಿಗೆ ರಬ್ಬರ್ ಪೈಪ್ ಸೇರುವಲ್ಲಿ, ಪೌಡರು ಕೆಂಪಾಯಿತು. ಕೂದಲೆಳೆಯಷ್ಟು ಸೀಳು. ಅಲ್ಲಿಂದ ಎಣ್ಣೆ ಪೈಪ್ ಹಿಡಿದು ಇಳಿದು ಬಾಕ್ಸ್ ಮೇಲೆ ಬೀಳುತ್ತಿತ್ತು.

"ಇದನ್ನ ನಾ ನೋಡಬೇಕಿತ್ತು ಬಿಡ್ರಿ," ಎಂದು ಮೆಕ್ಯಾನಿಕ್ ತಲೆ ಕೆರೆದುಕೊಂಡ. ನಾನು ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಆಯಿಲ್ ಇಳಿಸಿ, ಹಳೆಯ ಪೈಪ್ ಬಿಚ್ಚಿದ ಮೇಲೆ ಇನ್ನೊಂದು ಗಾಡಿ ಒಳಗೆ ಬರಬೇಕಾಯಿತು. ನಮ್ಮದನ್ನು ನೂಕಿ ಪಕ್ಕಕ್ಕೆ ಹಾಕಬೇಕು, ಒಬ್ಬರು ಸ್ಟೇರಿಂಗ್ ತಿರುವಬೇಕು.

"ನಿನ್ನ ತೋಳಿಗೆ ಬ್ಯಾಡ. ನಾ ಕುಂದರತೀನಿ," ಎಂದು ಯಜಮಾನರು ಮೊಟ್ಟಮೊದಲ ಬಾರಿಗೆ ನನ್ನ ಸೀಟಿನಲ್ಲಿ ಕೂತರು.

ಒಂದು ಕೈಯಲ್ಲಿ ತಿರುವಿದರು. ಅದು ಮಿಸುಕಲಿಲ್ಲ. ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಸೀಟಿನಿಂದ ಅರ್ಧ ಎದ್ದು ಎಳೆದರು. ಗೇಣಷ್ಟು ತಿರುಗಿತು.

"ಆಯಿಲ್ ಇಲ್ಲಂದ್ರ ಹಿಂಗರಿ ಮಾಸ್ತರ," ಎಂದ ಮೆಕ್ಯಾನಿಕ್. "ಅಕ್ಕಾರು ಇಷ್ಟು ದಿವಸ ಹೆಚ್ಚೂಕಡಿಮಿ ಹಿಂಗ ಹೊಡದಾರ."

ಅವರು ಬೆವರುತ್ತ ಇಳಿದರು. ತಮ್ಮ ತೋಳು ತಿಕ್ಕಿಕೊಂಡರು, ನನ್ನ ತೋಳು ನೋಡಿದರು. ನಾಲ್ಕು ತಿಂಗಳಿಂದ ಕೂಡಿಟ್ಟ ಮಾತೆಲ್ಲ ಆಡಿಬಿಡಬೇಕು ಎಂದುಕೊಂಡಿದ್ದೆ. ಆದರೆ ಕಣ್ಣೀರು ಕಾಣದಿರಲಿ ಎಂದು ಆ ಕಡೆ ತಿರುಗಿ ನಿಂತೆ. ಹಿಂದೆ ಅವರು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ನಾಳೆ ಬರಬ್ಯಾಡ್ರಿ, ಗಾಡಿ ಕೊಡೂದಿಲ್ಲ. ಯಾರ್ ಹೊಡೀತಾರ ಅಂದ್ರ? ನನ್ನ ಹೇಣ್ತಿ ಹೊಡೀತಾಳ್ರಿ. ಆಕಿ ತೋಳಿನ ಕಸುವು ಎಷ್ಟೈತಿ ಅಂತ ನನಗ ಇವತ್ತ ಗೊತ್ತಾತು."