ಪೆರೂ ದೇಶದ ವಿರುಪಾಕ್ಷ

ಹುಬ್ಬಳ್ಳಿಯ ವಿರುಪಾಕ್ಷನಿಗೆ ‘ನನಗೆ ತಿಳಿಯಲಿಲ್ಲ’ ಎಂಬ ಮಾತು ಬಾಯಿಗೆ ಬರುತ್ತಲೇ ಇರಲಿಲ್ಲ. ಎದುರಿನವರು ಆಸೆಯಿಂದ ಹೇಳುತ್ತಿರುವಾಗ ನಡುವೆ ತಡೆಯುವುದು, ಉಣ್ಣುತ್ತಿರುವವರ ಎಲೆಯಿಂದ ಹೋಳಿಗೆ ಎತ್ತಿಕೊಂಡಷ್ಟೇ ಪಾಪ ಎಂದು ಅವನ ಎಣಿಕೆ. ನರ್ಸ್ ಆಗಿದ್ದ ಹೆಂಡತಿ ಆರತಿಗೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪಿಆರ್ ಸಿಕ್ಕಾಗ ಅವಳ ಬೆನ್ನಿಗೆ ಸಿಡ್ನಿಗೆ ಬಂದ. ಊರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಇಲ್ಲಿ ಬಸ್ ಡ್ರೈವರ್ ಆದ. ಗೋಧಿ ಬಣ್ಣ, ದುಂಡು ಮುಖ, ಪೊದೆ ಮೀಸೆ. ಎದೆಯ ಮೇಲಿನ ಬಿಲ್ಲೆಯಲ್ಲಿ ಪೂರ್ತಿ ಹೆಸರು ಹಿಡಿಸದೆ ‘ವೀರು’ ಎಂದಷ್ಟೇ ಇತ್ತು.

ಒಂದು ಗುರುವಾರ ಬ್ಲ್ಯಾಕ್‌ಟೌನ್ ಸ್ಟೇಷನ್ನಿನ ಮುಂದೆ ಬಸ್ ಹೊರಡಲು ಇನ್ನೂ ಹೊತ್ತಿತ್ತು. ತುಟಿಗೆ ಕೆಂಪು ಬಳಿದುಕೊಂಡ ಒಬ್ಬ ಮುದುಕಿ ಹತ್ತಿ, ಅವನ ಬಿಲ್ಲೆಯನ್ನೂ ಮೀಸೆಯನ್ನೂ ಬಗ್ಗಿ ನೋಡಿ, “ಪೆರೂ?” ಎಂದಳು.

ಇವನಿಗೆ ‘ವೀರೂ?’ ಎಂದು ಕೇಳಿಸಿತು. “ಯೆಸ್, ಯೆಸ್” ಎಂದ.

ಅಷ್ಟೇ ಸಾಕಾಯಿತು. ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತವಳೇ, ಕಟ್ಟೆ ಒಡೆದ ಕೆರೆಯ ಹಾಗೆ ಸ್ಪ್ಯಾನಿಷ್ ಭಾಷೆಯಲ್ಲಿ ಹರಿಯತೊಡಗಿದಳು. ಅವಳ ಹೆಸರು ಎಲ್ವಿರಾ. ಚಿಲಿ ದೇಶದವಳು; ಪೆರೂ ಅವಳ ನೆರೆಯ ದೇಶ, ಎರಡೂ ಕಡೆ ಆಡುವುದು ಸ್ಪ್ಯಾನಿಷ್. ಕಡಲಾಚೆಯ ದೂರದಿಂದ ಬಂದವಳಿಗೆ ಪಕ್ಕದ ಊರಿನವನು ಸಿಕ್ಕ ಸಂತೋಷ. ವಿರುಪಾಕ್ಷನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಅವಳೇ ಮಾತಿಗೊಮ್ಮೆ ‘ಸೀ, ಸೀ’ ಎನ್ನುತ್ತಿದ್ದದ್ದು ‘ಹೌದು’ ಎಂದಿರಬೇಕೆಂದು ಊಹಿಸಿ, ಅವನೂ “ಸೀ, ಸೀ” ಎಂದ.

ಅಂದಿನಿಂದ ಪ್ರತಿ ಗುರುವಾರ ಇದೇ ಪುರಾಣ. ಫೇರ್‌ಫೀಲ್ಡ್ ಕಡೆಯ ಸ್ಪ್ಯಾನಿಷ್ ಆಡುವವರ ಕ್ಲಬ್ಬಿಗೆ ಹೋಗುವ ಎಲ್ವಿರಾ, ಬಸ್ ಹೊರಡುವುದಕ್ಕೆ ಬಹಳ ಮೊದಲೇ ಬಂದು ಕೂರುವಳು. ನಗುವಳು, ಬೈಯುವಳು, ಕಣ್ಣೊರೆಸಿಕೊಳ್ಳುವಳು. ಇವನೂ ಅವಳ ಜೊತೆ ನಗುವನು, ಲೊಚಗುಟ್ಟುವನು.

“ಏನ್ ಹೇಳ್ತಾಳ್ರೀ ಆ ಅಜ್ಜಿ?” ಎಂದು ಆರತಿ ಕೇಳಿದಳು.

“ಬಾಳ ಛಲೋ ಹೇಳ್ತಾಳ.”

“ಏನಂತ?”

“ಅದಷ್ಟ ಗೊತ್ತಿಲ್ಲ.”

ಹೀಗೇ ತಿಂಗಳುಗಳು ಕಳೆದವು. ಒಂದು ದಿನ ಎಲ್ವಿರಾ ಏನೋ ಕೇಳಿದಳು, ಇವನು “ಸೀ” ಎಂದ, ಅವಳು ಫೋನೆತ್ತಿ ಇವನ ಫೋಟೊ ಹೊಡೆದುಕೊಂಡಳು. ಮುಂದಿನ ವಾರ ಕ್ಲಬ್ಬಿನ ಬಾಗಿಲಲ್ಲಿ ದೊಡ್ಡ ಪೋಸ್ಟರ್. ಅದರಲ್ಲಿ ಇವನ ಮೀಸೆ! ಇವನು ಅದನ್ನು ಫೋನಿನಲ್ಲಿ ಹಿಡಿದು ಮನೆಗೆ ಒಯ್ದ. ಆರತಿ ಅನುವಾದಿಸುವ ಆ್ಯಪ್ ಹಚ್ಚಿ ಓದಿದಳು: ‘ಸಿಡ್ನಿಯ ಪಶ್ಚಿಮದಲ್ಲಿ ನಮ್ಮವರ ಐವತ್ತು ವರ್ಷ. ಹಳೆಯ ನೆನಪುಗಳನ್ನು ಹೇಳುವವರು, ಪೆರೂ ದೇಶದ ಶ್ರೀಯುತ ವೀರು.’

“ನೀವು ಯಾವಾಗ್ರೀ ಪೆರೂದಾಗ ಹುಟ್ಟಿದ್ರಿ?” ಆರತಿ ನಕ್ಕು ನಕ್ಕು ನೆಲಕ್ಕೆ ಕೂತಳು.

ಮೆಲ್ಬರ್ನಿನ ಟ್ರುಗನಿನಾದಲ್ಲಿದ್ದ ಚಿಕ್ಕಪ್ಪನ ಮಗ ಬಾಳಪ್ಪ ಫೋನಿನಲ್ಲಿ ಉಪಾಯ ಹೇಳಿದ: “ಅಣ್ಣಾ, ಜ್ವರ ಬಂದೈತಿ ಅಂದ್ಬಿಡು.”

“ಆ ಅಜ್ಜಿ ನೋಡಾಕ ಮನೀಗೆ ಬಂದ್ರ?”

“ಹಂಗಾದ್ರ ಕೋಟು ಹಾಕ್ಕೊಂಡು ಹೋಗು,” ಎಂದು ಬಾಳಪ್ಪ ಫೋನಿಟ್ಟ.

ಕಡೆಗೆ ವಿರುಪಾಕ್ಷ ಕೋಟು ತೊಟ್ಟು ಹೆಂಡತಿಯೊಡನೆ ಹೊರಟ. ಕ್ಲಬ್ ತುಂಬಿ ತುಳುಕುತ್ತಿತ್ತು; ಮೆಲ್ಬರ್ನಿನಿಂದಲೂ ಒಂದು ಬಸ್ ಜನ ಬಂದಿದ್ದರು. ಗೋಡೆಯ ತುಂಬ ಹಳೆಯ ಫೋಟೊಗಳು: ವಲಸಿಗರ ಹಾಸ್ಟೆಲ್ಲಿನ ಮುಂದೆ ಚಳಿಗೆ ಮುದುಡಿ ನಿಂತ ಕುಟುಂಬಗಳು, ಕಾರ್ಖಾನೆಯ ಯಂತ್ರಗಳ ಮುಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು. ಎಲ್ವಿರಾ ಮೊದಲ ಸಾಲಿನಲ್ಲಿ ರಾಣಿಯಂತೆ ಕೂತಿದ್ದಳು.

ವಿರುಪಾಕ್ಷ ವೇದಿಕೆ ಏರಿದ. ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟ: “ಕ್ಷಮಿಸಿ. ನಾನು ಪೆರೂನವನಲ್ಲ, ಹುಬ್ಬಳ್ಳಿಯವನು. ನನಗೆ ಸ್ಪ್ಯಾನಿಷ್ ಬರುವುದಿಲ್ಲ.”

ಸಭೆಯವರೆಲ್ಲ ಬಾಗಿಲ ಪೋಸ್ಟರಿನತ್ತ ಕತ್ತು ತಿರುಗಿಸಿದರು. ಓಡಿಹೋಗೋಣವೆಂದರೆ ಇಳಿಯುವ ಮೆಟ್ಟಿಲ ಮೇಲೆ ಗಿಟಾರಿನವನು ಕೂತಿದ್ದ. ಬೇರೆ ದಾರಿ ಕಾಣದೆ ಮುಂದುವರಿಸಿದ: “ಆದರೆ ಈ ಅಮ್ಮ ಹೇಳಿದ್ದನ್ನೆಲ್ಲ ಕೇಳಿದ್ದೇನೆ. ಅವರ ಕೈಸನ್ನೆ, ಮುಖ ನೋಡಿ ನನಗೆ ತಿಳಿದಷ್ಟು ಹೇಳುತ್ತೇನೆ. ಇವರು ಒಂದು ಆಡಿನ ಜೊತೆ ಹಡಗಿನಲ್ಲಿ ಬಂದರು.”

“ಆಡಲ್ಲ, ಅತ್ತೆ! ಬಂದದ್ದು ವಿಮಾನದಲ್ಲಿ!” ಹಿಂದಿನಿಂದ ಯಾರೋ ಕೂಗಿದರು. ಸಭೆ ಹೋ ಎಂದಿತು.

“ವಿಲ್ಲವುಡ್ ಎಂಬಲ್ಲಿ ಇವರಿಗೆ ದೊಡ್ಡ ಬಂಗಲೆಯಿತ್ತು.”

“ಹಾಸ್ಟೆಲ್ಲಪ್ಪಾ! ತಗಡಿನ ಗುಡಿಸಲು! ದಿನಾ ಕುರಿಮಾಂಸ ಹಾಕುತ್ತಿದ್ದರು!” ಈ ಸಲ ಮುದುಕರೆಲ್ಲ ಒಟ್ಟಿಗೆ ಕೂಗಿದರು.

“ಆಮೇಲೆ ಇವರು ಸರ್ಕಸ್ಸಿಗೆ ಸೇರಿದರು.” ಕೈಗಳನ್ನು ಸುತ್ತಿಸುತ್ತಿ ತೋರಿಸಿದ.

“ಅದು ದಾರ ಸುತ್ತುವ ಯಂತ್ರ! ನಾನೂ ಅಲ್ಲೇ ಇದ್ದೆ!” ಎಂದು ಒಬ್ಬ ಹೆಂಗಸು ಎದ್ದು ನಿಂತೇಬಿಟ್ಟಳು.

ಇವನು ತಪ್ಪು ಹೇಳುವುದು, ಅವರು ತಿದ್ದುವುದು. ಹೀಗೆ ಐವತ್ತು ವರ್ಷದ ಚರಿತ್ರೆಯನ್ನು ಸಭೆಯೇ ಹೇಳಿ ಮುಗಿಸುತ್ತಿತ್ತು. ಮೊಮ್ಮಕ್ಕಳು ಕೂಡ ಫೋನು ಕೆಳಗಿಟ್ಟು ಕಿವಿಗೊಟ್ಟಿದ್ದರು.

“ಇವರಿಗೆ ಒಬ್ಬ ಅಣ್ಣನಿದ್ದ,” ಎಂದ ವಿರುಪಾಕ್ಷ. “ಸೈನಿಕರು ಬಂದರು. ಆಮೇಲೆ ಅಮ್ಮ ಏನೂ ಹೇಳಲಿಲ್ಲ.”

ಚಿಲಿಯಲ್ಲಿ ಸೇನೆ ಅಧಿಕಾರ ಹಿಡಿದ ಕಾಲದ ಈ ಮಾತನ್ನು ಯಾರೂ ತಿದ್ದಲಿಲ್ಲ. ಮೊದಲ ಸಾಲಿನಲ್ಲಿ ಎಲ್ವಿರಾ ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ಸವರುತ್ತಿದ್ದಳು. ಆಮೇಲೆ ಎದ್ದು, ಸೊಗಸಾದ ಇಂಗ್ಲಿಷಿನಲ್ಲಿ ಹೇಳಿದಳು: “ಇವನು ಪೆರೂನವನಲ್ಲ ಎಂದು ನನಗೆ ಎರಡನೇ ವಾರವೇ ಗೊತ್ತಾಯಿತು.”

“ಹೇಗಮ್ಮಾ?” ಎಂದ ವಿರುಪಾಕ್ಷ.

“ಪಿಸ್ಕೊ ಸಾರಾಯಿ ನಮ್ಮ ಚಿಲಿಯದು, ಪೆರೂದವರು ಕದ್ದರು ಎಂದೆ. ಪೆರೂನವನಾಗಿದ್ದರೆ ಬಸ್ಸಿನಿಂದಲೇ ತಳ್ಳುತ್ತಿದ್ದ. ಇವನು ‘ಸೀ, ಸೀ’ ಎಂದ!”

ಚಿಲಿಯವರು ಚಪ್ಪಾಳೆ ತಟ್ಟಿದರು. ಪೆರೂದವರು ಮೇಜು ಗುದ್ದಿ ಬೈದರು.

“ಮತ್ತೆ ಯಾಕಮ್ಮಾ ಇಷ್ಟು ದಿನ ನನಗೆ ಕಥೆ ಹೇಳಿದಿರಿ, ಪೋಸ್ಟರಿಗೂ ಹಾಕಿಸಿದಿರಿ?” ವಿರುಪಾಕ್ಷ ವೇದಿಕೆಯಿಂದಲೇ ಕೇಳಿದ.

“ನನ್ನ ಮಕ್ಕಳು ‘ಮಮಾ, ಈ ಕಥೆ ಸಾವಿರ ಸಲ ಆಯಿತು’ ಅನ್ನುತ್ತಾರೆ. ನೀನು ಅನ್ನಲಿಲ್ಲ.”

ಊಟದ ಹೊತ್ತಿಗೆ ಪೆರೂದವರು ವಿರುಪಾಕ್ಷನನ್ನು ಬಲವಂತವಾಗಿ ತಮ್ಮ ಮೇಜಿಗೆ ಎಳೆದೊಯ್ದರು. ಪೆರೂದಲ್ಲಿ ವಿರು ಎಂಬ ಸೀಮೆಯೇ ಇದೆಯೆಂದೂ, ಆದ್ದರಿಂದ ಇವನು ತಮ್ಮವನೇ ಎಂದೂ ತೀರ್ಮಾನವಾಯಿತು. ಪಕ್ಕದಲ್ಲಿ ಎಲ್ವಿರಾ ಆರತಿಯ ಕೈಹಿಡಿದು ಕೂರಿಸಿಕೊಂಡು, ಹಡಗಲ್ಲದ ಆ ವಿಮಾನದಿಂದ ಕಥೆ ಶುರುಮಾಡಿದ್ದಳು. ಈ ಸಲ ಇಂಗ್ಲಿಷಿನಲ್ಲಿ. ವಿರುಪಾಕ್ಷ ತಟ್ಟೆ ಹಿಡಿದುಕೊಂಡೇ ಕುರ್ಚಿಯನ್ನು ಅತ್ತ ಜರುಗಿಸಿ, “ಸ್ವಲ್ಪ ತಡೀರಮ್ಮಾ,” ಎಂದ, “ಅತ್ತೆ ಬರುವಲ್ಲಿಂದ ಇನ್ನೊಮ್ಮೆ ಹೇಳಿ.”